ಊರೊಟ್ಟಿನ ಸೈಕಲ್ಲು

ಪರರ ವಸ್ತುವನ್ನು ಬಳಸುವ ಬಗೆಗೆ ಕನ್ನಡದಲ್ಲಿ ಒಂದಲ್ಲ, ಹಲವು ಮಾತುಗಳಿವೆ. ಕಡ ತಂದದ್ದು ಬೇರೆ, ಎರವಲು ತಂದದ್ದು ಬೇರೆ, ಬಾಡಿಗೆಗೆ ಹಿಡಿದದ್ದು ಬೇರೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯನ್ನು ಕಡ ತಂದರೆ ಹಿಂದಿರುಗಿಸುವುದು ಅದೇ ಸಕ್ಕರೆಯನ್ನಲ್ಲ, ಅಷ್ಟೇ ಸಕ್ಕರೆಯನ್ನು. ಏಣಿಯನ್ನು ಎರವಲು ತಂದರೆ ಅದೇ ಏಣಿಯನ್ನೇ, ಕಾಲು ಮುರಿಯದಂತೆ ಒಪ್ಪಿಸಬೇಕು. ಒಪ್ಪಿಸಿದ ಮೇಲೂ ಹಂಗು ಎಂಬುದೊಂದು ಉಳಿಯುತ್ತದೆ. ನಾಳೆ ಅವರ ಮನೆಯ ಮದುವೆಗೆ ನಮ್ಮ ಹಿತ್ತಾಳೆಯ ಹಂಡೆ ಹೋಗದೆ ವಿಧಿಯಿಲ್ಲ. ಬಾಡಿಗೆಯಲ್ಲಿ ಈ ತೊಡಕಿಲ್ಲ. ಹಣ ಎಣಿಸಿದೊಡನೆ ಹಂಗು ಹರಿಯಿತು. ಹಳ್ಳಿಯನ್ನು ಬಿಟ್ಟು ಪೇಟೆಗೆ ಬಂದವರಿಗೆ ಪೇಟೆಯಲ್ಲಿ ಹಿತವೆನಿಸುವ ಸಂಗತಿಗಳಲ್ಲಿ ಇದೂ ಒಂದೆಂದು ನನಗೆ ತೋರುತ್ತದೆ: ಯಾರ ಹಂಗೂ ಇಲ್ಲದೆ ಎಲ್ಲರ ವಸ್ತುವನ್ನೂ ಬಳಸಬಹುದು.

ಈಗ ಈ ಮೂರು ಮಾತುಗಳಲ್ಲಿ ಯಾವುದಕ್ಕೂ ಪೂರ್ತಿ ಒಗ್ಗದ ವಸ್ತುವೊಂದು ನಗರಗಳಿಗೆ ಬಂದಿದೆ. ರಸ್ತೆಯ ಬದಿಯ ನಿಲ್ದಾಣದಲ್ಲಿ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಕಾರ್ಡನ್ನೋ ಮೊಬೈಲನ್ನೋ ತೋರಿಸಿ ಬೀಗ ತೆಗೆದು, ಏರಿ ಹೋಗಿ, ಇನ್ನೊಂದು ನಿಲ್ದಾಣದಲ್ಲಿ ಬಿಟ್ಟು ನಡೆಯಬಹುದು. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 450 ಸೈಕಲ್ಲುಗಳೊಡನೆ ಇಂಥದೊಂದು ವ್ಯವಸ್ಥೆ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಲ್ಲಿ ಆರಂಭವಾಯಿತು. ನಮ್ಮ ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಸೇರಿದ ಮೇಲೆ ಇಲ್ಲಿಯೂ ಅದರ ಮಾತು ಕೇಳಿಬಂತು. ಈ ಸೈಕಲ್ಲಿಗೆ ಹಣ ಕೊಡುವುದರಿಂದ ಅದು ಬಾಡಿಗೆಯಂತೆ ಕಾಣುತ್ತದೆ. ಆದರೆ ಬಾಡಿಗೆಗೆ ಕೊಟ್ಟವನ ಮುಖ ಎಲ್ಲಿಯೂ ಕಾಣುವುದಿಲ್ಲ. ಕೊಟ್ಟವನ ಕೈಗೆ ಮರಳಿ ಒಪ್ಪಿಸುವುದೂ ಇಲ್ಲ. ಗುರುತಿಲ್ಲದ ಇನ್ನೊಬ್ಬ ಸವಾರನಿಗೆ ಬಿಟ್ಟು ಹೋಗುವುದಷ್ಟೆ.

ಬಾಡಿಗೆ ಸೈಕಲ್ಲಿನ ಅಂಗಡಿಗಳನ್ನು ಕಂಡವರಿಗೆ ಈ ಭೇದ ಬೇಗ ತಿಳಿಯುತ್ತದೆ. ನಾನು ಹುಡುಗನಾಗಿದ್ದಾಗ ದುರ್ಗಿಗುಡಿ, ಗಾಂಧಿಬಜಾರಿನ ಕಡೆಗಳಲ್ಲಿ ಅವು ಇನ್ನೂ ಇದ್ದವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿಯ ಬಣ್ಣದಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ಸೈಕಲ್ಲಿನ ಸಂಖ್ಯೆ. ಎಣ್ಣೆಯ ಕೈಗುರುತು ಬಿದ್ದ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರನ್ನೂ ಹೊರಟ ಗಂಟೆಯನ್ನೂ ಬರೆದುಕೊಳ್ಳುತ್ತಿದ್ದರು. ಗುರುತಿಲ್ಲದವರಿಗೆ ಸೈಕಲ್ಲು ಸಿಗುತ್ತಿರಲಿಲ್ಲ. 'ಯಾರ ಮಗ?' ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬಂದರೆ ಅದೇ ಠೇವಣಿ. ಹಿಂದಿರುಗಿ ತಂದಾಗ ಅಂಗಡಿಯಾತ ಮಾತಾಡದೆ ಮುಂದಿನ ಚಕ್ರವನ್ನು ಎತ್ತಿ ಒಮ್ಮೆ ತಿರುಗಿಸಿ ನೋಡುತ್ತಿದ್ದ. ಚಕ್ರ ಓಲಾಡಿದರೆ ಆತ ಮುಖವೆತ್ತಿ ನೋಡುವ ಆ ನೋಟವಿದೆಯಲ್ಲ, ಅದು ದಂಡಕ್ಕಿಂತ ಭಾರವಾಗಿತ್ತು. ಬಾಡಿಗೆ ಕೊಟ್ಟರೂ ಅಲ್ಲಿ ಹಂಗು ಪೂರ್ತಿ ಹರಿಯುತ್ತಿರಲಿಲ್ಲವೆಂದೇ ಹೇಳಬೇಕು. ಗುರುತಿಲ್ಲದವನಿಗೆ ಬಾಗಿಲು ಮುಚ್ಚಿದ ನಂಬಿಕೆ ಅದು. ಅದನ್ನು ನೆನೆದು ಹಂಬಲಿಸುವವರು ಈ ಮಾತನ್ನೂ ನೆನೆಯುವುದು ಒಳ್ಳೆಯದು. ಪರಊರಿನಿಂದ ಕೂಲಿಗೆ ಬಂದವನಿಗೆ 'ಯಾರ ಮಗ' ಎಂಬ ಪ್ರಶ್ನೆಗೆ ಉತ್ತರವೆಲ್ಲಿಂದ ಬರಬೇಕು?

ನನ್ನ ತರಗತಿಯಲ್ಲಿ ಒಂದು ದಿನ ಪ್ರಬಂಧ ಬರೆಸುವ ನೆಪದಲ್ಲಿ ಈ ಪ್ರಶ್ನೆಯನ್ನು ಹಾಕಿದೆ. ನೀನು ಇಂಥ ಸೈಕಲ್ಲನ್ನು ಹತ್ತಿ ಬಂದೆ. ದಾರಿಯಲ್ಲಿ ಟೈರಿನ ಗಾಳಿ ಹೋಯಿತು. ನಿಲ್ದಾಣದವರೆಗೆ ನೂಕಿಕೊಂಡು ಬಂದು, ಯಾರಿಗೂ ಹೇಳದೆ ಅಲ್ಲಿಟ್ಟು ಹೊರಟುಹೋದೆ. ನೀನು ತಪ್ಪು ಮಾಡಿದಂತಾಯಿತೆ? ಬಹುಮಂದಿ 'ಇಲ್ಲ' ಎಂದರು. ಅವರ ವಾದ ತೆಗೆದುಹಾಕುವಂಥದಲ್ಲ. ಕದ್ದಿಲ್ಲ, ಮುರಿದಿಲ್ಲ, ಸುಳ್ಳು ಹೇಳಿಲ್ಲ. ಕೊಡಬೇಕಾದ ಹಣವನ್ನು ಕೊಟ್ಟಾಗಿದೆ. ದುರಸ್ತಿಗೆ ಸಂಬಳದ ಜನರಿದ್ದಾರೆ. ಅವರ ಕೆಲಸವನ್ನು ನಾನೇಕೆ ಮಾಡಲಿ?

ದುರಸ್ತಿ ಅವರ ಕೆಲಸವೆಂಬುದು ನಿಜ. ಆದರೆ ಆ ಟೈರಿನಲ್ಲಿ ಗಾಳಿಯಿಲ್ಲವೆಂಬ ತಿಳಿವು ಆ ಗಳಿಗೆಯಲ್ಲಿ ಇಡೀ ಲೋಕದಲ್ಲಿ ಒಬ್ಬನಿಗೆ ಮಾತ್ರ ಇದೆ. ಆತ ಬಾಯಿ ಮುಚ್ಚಿಕೊಂಡು ಹೋದರೆ ಅದು ಇನ್ನೊಬ್ಬರಿಗೆ ತಿಳಿಯುವ ದಾರಿ ಒಂದೇ: ಅವರೂ ಮೋಸಹೋಗುವುದು. ಬೆಳಗಿನ ಪಾಳಿಗೆ ಮೆಗ್ಗಾನ್ ಆಸ್ಪತ್ರೆಗೆ ಓಡಬೇಕಾದ ದಾದಿಯೊಬ್ಬಳು ಆ ಸೈಕಲ್ಲಿನ ಬೀಗ ತೆಗೆಯುತ್ತಾಳೆಂದು ಇಟ್ಟುಕೊಳ್ಳಿ. ಒಡೆಯನ ಸಾಲ ಹಣದಿಂದ ತೀರಿತು. ಈಕೆಯ ಲೆಕ್ಕ ತೀರಲಿಲ್ಲ, ಏಕೆಂದರೆ ಹಣ ಈಕೆಗೆ ಸಂದದ್ದಲ್ಲ. ನಾನು ಹತ್ತಿದಾಗ ಟೈರಿನಲ್ಲಿ ಗಾಳಿಯಿದ್ದುದು ನನ್ನ ಹಿಂದಿನವನು ಅದನ್ನು ನೆಟ್ಟಗೆ ಬಳಸಿದ್ದರಿಂದಲೂ ಹೌದು. ಆತನಿಗೆ ನಾನು ಹಿಂದಿರುಗಿ ಏನನ್ನೂ ಕೊಡಲಾರೆ, ಆತನಾರೋ ನಾನರಿಯೆ. ಎರವಲಿನ ಹಂಗು ಕೊಟ್ಟವನ ಕಡೆಗೆ ಹಿಂದೆ ಹರಿಯುತ್ತದೆ. ಇಲ್ಲಿಯದು ಮುಂದಕ್ಕೆ ಹರಿಯುತ್ತದೆ. ಗ್ರಂಥಾಲಯದ ಪುಸ್ತಕದಲ್ಲಿ ಕೊನೆಯ ಹಾಳೆಯನ್ನು ಯಾರೋ ಹರಿದೊಯ್ದಿರುವುದನ್ನು ಕಂಡು ಹಲ್ಲು ಕಡಿದವರಿಗೆ ನಾನು ಹೇಳುವುದೇನೆಂದು ಹೆಚ್ಚು ವಿವರಿಸಬೇಕಾಗಿಲ್ಲ.

ಹೆಸರಿಲ್ಲದ ನಂಬಿಕೆಯನ್ನು ಪರೀಕ್ಷೆಗೆ ಇಟ್ಟವರೂ ಇದ್ದಾರೆ. 1965ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 'ಪ್ರೋವೊ' ಎಂಬ ತರುಣರ ಗುಂಪು ಲೂಡ್ ಸ್ಕಿಮೆಲ್‌ಪೆನಿಂಕ್ ಎಂಬಾತನ ಸಲಹೆಯಂತೆ ಕೆಲವು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟಿತು. ಬೇಕಾದವರು ಹತ್ತಬಹುದು, ಸಾಕಾದಲ್ಲಿ ಬಿಡಬಹುದು. ಕಳ್ಳರು ಏನು ಮಾಡುತ್ತಿದ್ದರೋ ನೋಡುವ ಮೊದಲೇ ಪೋಲೀಸರು ಬಂದು ಸೈಕಲ್ಲುಗಳನ್ನು ವಶಪಡಿಸಿಕೊಂಡರು: ಬೀಗ ಹಾಕದೆ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ಅಲ್ಲಿಯ ಕಾನೂನಿಗೆ ವಿರುದ್ಧವಾಗಿತ್ತು! ತರುಣರು ಆ ಮೇಲೆ ಅಂಕಿಯ ಬೀಗಗಳನ್ನು ಹಾಕಿ, ಬೀಗ ತೆಗೆಯುವ ಅಂಕಿಯನ್ನು ಸೈಕಲ್ಲಿನ ಮೇಲೆಯೇ ಬರೆದರೆಂದು ಹೇಳುತ್ತಾರೆ. ಮುಂದೆ 1995ರಲ್ಲಿ ಕೋಪನ್‌ಹೇಗನ್ ನಗರ ನಾಣ್ಯ ಹಾಕಿದರೆ ಬಿಡುಗಡೆಯಾಗುವ ಸೈಕಲ್ಲನ್ನು ತಂದಿತು. ಅದರ ಬಳಿಕ ಕಾರ್ಡು, ಮೊಬೈಲು ಬಂದವು. ಬಿಳಿಯ ಸೈಕಲ್ಲಿನಿಂದ ಇಲ್ಲಿಯವರೆಗಿನ ಚರಿತ್ರೆಯೆಂದರೆ ಒಂದೊಂದೇ ಬೀಗ ಕೂಡಿಕೊಂಡ ಚರಿತ್ರೆ.

ಕಾವಲಿನಲ್ಲಿ ಒಳ್ಳೆಯವನಾದವನು ಒಳ್ಳೆಯವನೆ? ಪ್ರಶ್ನೆ ಹಳೆಯದು. ನಮ್ಮ ಹಿರಿಯರು ಮನುಷ್ಯಸ್ವಭಾವವನ್ನು ನಾವು ಎಣಿಸುವಷ್ಟು ಮುಗ್ಧವಾಗಿ ನಂಬಿದವರಲ್ಲ. ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಅಚ್ಚುಹಾಕಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟಗಳನ್ನು ತಿರುವಿಹಾಕಿ ನೋಡಿ. ಕೆರೆಗೆ, ದೇಗುಲಕ್ಕೆ, ಛತ್ರಕ್ಕೆ ಭೂಮಿ ಬಿಟ್ಟ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಶಾಪಗಳು ಬರುತ್ತವೆ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ. ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವ ಗತಿ. ದಾನ ಕೊಟ್ಟವನು ಸತ್ತ ಮೇಲೆ ಕೆರೆಯ ತೂಬನ್ನು ಕಾಯುವವರಾರು? ಶಾಪ ಕಾಯಬೇಕು. ಈಗ ಆ ಉದ್ಯೋಗವನ್ನು ಮೊಬೈಲು ವಹಿಸಿಕೊಂಡಿದೆ. ಶಾಪವನ್ನಾಗಲಿ ಮೊಬೈಲನ್ನಾಗಲಿ ಹಳಿಯುವ ಮನಸ್ಸು ನನಗಿಲ್ಲ. ಎರಡೂ ಎಷ್ಟೋ ವಸ್ತುಗಳನ್ನು ಉಳಿಸಿರಬೇಕು. ಆದರೆ ಕಾವಲಿಗೆ ಎಣಿಸಲು ಬರುವುದು ಮಾತ್ರ ಕಾಣುತ್ತದೆ. ಸೈಕಲ್ಲು ಎಲ್ಲಿದೆಯೆಂದು ಅದಕ್ಕೆ ಗೊತ್ತು. ಬ್ರೇಕಿನ ತಂತಿ ಸಡಿಲವಾಗಿದೆಯೆಂದು ಗೊತ್ತಿಲ್ಲ. ಅದು ಗೊತ್ತಿರುವುದು ಸವಾರನಿಗೆ.

ಎಲ್ಲರದ್ದಾದ ವಸ್ತು ಹಾಳಾಗುವುದು ಅನಿವಾರ್ಯವೆಂದು ವಾದಿಸಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ಒಂದು ಲೇಖನ ಬರೆದ. ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ಆತನ ದೃಷ್ಟಾಂತ: ಒಬ್ಬೊಬ್ಬನೂ ಇನ್ನೊಂದು ದನವನ್ನು ಅಟ್ಟುತ್ತಾನೆ, ಕಡೆಗೆ ಹುಲ್ಲೇ ಉಳಿಯುವುದಿಲ್ಲ. ಮಲೆನಾಡಿನವರಿಗೆ ಇದು ಅರ್ಧ ಸತ್ಯವೆಂದು ತೋರೀತು. ಸಾಗರ ಸೊರಬದ ಕಡೆ ಅಡಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟಗಳಿವೆ. ಬೋಳಾದ ಬೆಟ್ಟವೂ ಇದೆ, ತಲೆಮಾರುಗಳಿಂದ ಹಸುರಾಗಿ ನಿಂತ ಬೆಟ್ಟವೂ ಇದೆ. ಇಂಥ ಕಡೆಗಳಲ್ಲಿ ಜನ ತಾವೇ ಕಟ್ಟುಮಾಡಿಕೊಂಡು ಬಾಳಿದ್ದನ್ನು ದೇಶದೇಶಗಳಲ್ಲಿ ಹುಡುಕಿ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದರೆ ಸೊಪ್ಪು ಕೊಯ್ಯುವವರು ಒಬ್ಬರನ್ನೊಬ್ಬರು ಬಲ್ಲವರು. ಗೋಪಿ ಸರ್ಕಲ್ಲಿನಲ್ಲಿ ಸೈಕಲ್ಲು ಹತ್ತಿ ವಿನೋಬನಗರದಲ್ಲಿ ಇಳಿಯುವವನು ತನ್ನ ಹಿಂದು ಮುಂದಿನವರನ್ನು ಎಲ್ಲಿ ಬಲ್ಲ?

ಇಲ್ಲಿ ನನಗೆ ಸುಮಾರು ಇಪ್ಪತ್ತು ಕಿಲೋಮೀಟರಿನಾಚೆಯ ಭದ್ರಾವತಿ ನೆನಪಾಗುತ್ತದೆ. ಬೆಂಕಿಪುರವೆಂಬ ಸಣ್ಣ ಊರು 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ, ಅಪರಿಚಿತರ ಊರಾಗಿ ಬೆಳೆಯಿತು. ಕನ್ನಡದ ಪಕ್ಕದಲ್ಲಿ ತಮಿಳು, ತೆಲುಗು, ಉರ್ದು, ಮಲೆಯಾಳ. ಸೈರನ್ ಕೂಗಿದಾಗ ಗೇಟಿನಿಂದ ಹೊರಡುತ್ತಿದ್ದ ಸೈಕಲ್ಲುಗಳ ಪ್ರವಾಹವನ್ನು ಹಿರಿಯ ಕಾರ್ಮಿಕರು ಇಂದಿಗೂ ವರ್ಣಿಸುತ್ತಾರೆ. ರಾತ್ರಿ ಪಾಳಿಯವನ ಸೈಕಲ್ಲು ಕೆಟ್ಟಿದ್ದರೆ ಹಗಲು ಪಾಳಿ ಮುಗಿಸಿದವನು ತನ್ನದನ್ನು ಬಿಟ್ಟು ನಡೆದು ಹೋದದ್ದುಂಟಂತೆ. ಭಾಷೆ ಬೇರೆ, ಊರು ಬೇರೆ, ಮನೆತನ ತಿಳಿಯದು. ಅಲ್ಲಿ 'ಯಾರ ಮಗ' ಎಂದು ಯಾರೂ ಕೇಳಲಿಲ್ಲ. 'ಯಾವ ಪಾಳಿ' ಎಂದು ಕೇಳಿದರು. ನಾನು ಬಿಟ್ಟ ಜಾಗದಿಂದ ನೀನು ಕೆಲಸ ಮುಂದುವರಿಸುತ್ತೀಯೆ, ಕುಲುಮೆ ಆರಬಾರದು. ಅಷ್ಟು ಸಾಕಾಗಿತ್ತು. ಇಂದು ಆ ಪ್ರವಾಹವಿಲ್ಲ, ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು.

ಪ್ಯಾರಿಸ್ ನಗರದಲ್ಲಿ 2007ರಲ್ಲಿ ಸಾವಿರಾರು ಹಂಚಿಕೆಯ ಸೈಕಲ್ಲುಗಳನ್ನು ಬೀದಿಗಿಳಿಸಿದರು. ಕಳವು, ಒಡೆತ ಎಲ್ಲವೂ ನಡೆದವು. ಅದರ ಕಥೆ ಪತ್ರಿಕೆಗಳಲ್ಲಿ ಧಾರಾಳವಾಗಿ ಬಂತು. ಅದರ ನಡುವೆ ಸವಾರರಲ್ಲಿ ಒಂದು ರೂಢಿಯೂ ಬೆಳೆಯಿತು: ಕೆಟ್ಟ ಸೈಕಲ್ಲನ್ನು ನಿಲ್ಲಿಸುವಾಗ ಅದರ ಸೀಟನ್ನು ಹಿಂದುಮುಂದಾಗಿ ತಿರುಗಿಸಿಡುವುದು. ಮುಂದಿನವನು ದೂರದಿಂದಲೇ ನೋಡಿ ಬೇರೊಂದಕ್ಕೆ ಕೈಹಾಕುತ್ತಾನೆ. ತಿರುಗಿಸದಿದ್ದರೆ ದಂಡವಿಲ್ಲ, ತಿರುಗಿಸಿದವನಿಗೆ ಬಹುಮಾನವಿಲ್ಲ, ಯಾರು ತಿರುಗಿಸಿದರೆಂದು ಯಾವ ಮೊಬೈಲೂ ಬರೆದಿಡುವುದಿಲ್ಲ.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ನಮ್ಮೂರಲ್ಲಾದರೆ ಯಾರೋ ಚೇಷ್ಟೆ ಮಾಡಿದ್ದಾರೆಂದು ಸೀಟನ್ನು ನೆಟ್ಟಗೆ ಮಾಡಿಕೊಂಡು ಹತ್ತಿಬಿಡುತ್ತಾರೆ, ಸರ್' ಎಂದ. ಎಲ್ಲರೂ ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನಗಲಿಲ್ಲ. 'ಒಂದು ಸಲ ಹತ್ತುತ್ತಾರೆ' ಎಂದಳು.