ದಿಗ್ವ್ರತವೂ ಹಿಮಗಿರಿಯೂ



ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪದೆ ಆಚರಿಸುವ ಶ್ರಾವಕ ಶ್ರಾವಿಕೆಯರು ನಮ್ಮಲ್ಲಿ ಬಹಳ ಮಂದಿ. ಆದರೆ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತದ ಮಾತೆತ್ತಿದೊಡನೆ, "ಮಾಸ್ತರರೇ, ವಿಮಾನದ ಕಾಲದಲ್ಲಿ ದಿಕ್ಕಿಗೆ ಬೇಲಿಯೇ?" ಎಂದು ನಗುವವರುಂಟು. ಅವರನ್ನು ನಾನು ದೂಷಿಸಲಾರೆ. ವ್ರತ ಸ್ವೀಕರಿಸಿ ಆರು ವರ್ಷ ಕಳೆಯುವವರೆಗೂ ಅದರ ಭಾರವೇನೆಂಬುದು ನನಗೂ ತಿಳಿದಿರಲಿಲ್ಲ.

2018ರ ಫೆಬ್ರವರಿಯಲ್ಲಿ, ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕದ ಸಮಯದಲ್ಲಿ, ಶ್ರವಣಬೆಳಗೊಳದಲ್ಲಿ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ದಿಕ್ಕುಗಳಿಗೆ ಪರಿಮಾಣ ಮಾಡಿಕೊಂಡೆನು. ಮೂಡಣಕ್ಕೆ ಚಂಪಾಪುರಿ, ಪಡುವಣಕ್ಕೆ ಗಿರನಾರ, ತೆಂಕಣಕ್ಕೆ ಸಮುದ್ರ, ಬಡಗಣಕ್ಕೆ ಹಿಮಾಲಯ. ಊರ್ಧ್ವದಿಕ್ಕಿಗೆ ಏನೆಂದು ಮಹಾರಾಜರು ಕೇಳಿದರು. "ಸಮ್ಮೇದಶಿಖರಜಿಯ ತುದಿಯ ಎತ್ತರ" ಎಂದೆ. ಆ ತುದಿ ಸಮುದ್ರಮಟ್ಟದಿಂದ 1,365 ಮೀಟರು. ಇಪ್ಪತ್ತು ತೀರ್ಥಂಕರರು ಮುಕ್ತರಾದ ಎತ್ತರಕ್ಕಿಂತ ಮೇಲೆ ಗೃಹಸ್ಥನಿಗೆ ಏನು ಕೆಲಸವೆಂಬ ಭಾವನೆ. ಅಂದಿನಿಂದ ವಿಮಾನ ಏರಿಲ್ಲ, ಏರುವ ಬಯಕೆಯೂ ಇರಲಿಲ್ಲ. ಆದಿನಾಥ ಸ್ವಾಮಿ ಮೋಕ್ಷ ಪಡೆದದ್ದು ಶಿಖರಜಿಯಲ್ಲಲ್ಲ, ಕೈಲಾಸಗಿರಿಯಲ್ಲಿ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

2024ರ ಮೇ ತಿಂಗಳ ಕೊನೆಯಲ್ಲಿ ಮಗನೂ ಅಳಿಯನೂ ಕೂಡಿ ಬದರಿಯಾತ್ರೆಯನ್ನು ಏರ್ಪಡಿಸಿದರು. ಟಿಬೆಟ್ಟಿನ ಕೈಲಾಸ ನಮ್ಮಂಥವರಿಗೆ ದುರ್ಗಮ. ಬದರಿಯ ಸೀಮೆಯನ್ನೇ ಅಷ್ಟಾಪದವೆಂದು ಭಾವಿಸಿ ನಮ್ಮವರು ಹಲವರು ಅಲ್ಲಿಗೆ ಹೋಗುತ್ತಾರೆ. ನಾನೂ ಹಿಗ್ಗಿನಿಂದ ಹೊರಟೆನು. ಹೃಷೀಕೇಶದವರೆಗೆ ವ್ರತದ ಚಿಂತೆಯೇ ಇರಲಿಲ್ಲ. ದೇವಪ್ರಯಾಗ ದಾಟಿ ಅಲಕನಂದೆಯ ದಂಡೆಯ ಮೇಲೆ ದಾರಿ ಏರತೊಡಗಿತು. ಒಂದು ಕಡೆ ಕಡಿದಾದ ಬಂಡೆ, ಮತ್ತೊಂದು ಕಡೆ ಪ್ರಪಾತ. ಅಲ್ಲಲ್ಲಿ ಕುಸಿದ ಮಣ್ಣನ್ನು ಯಂತ್ರಗಳು ಸರಿಸುವತನಕ ಗಂಟೆಗಟ್ಟಲೆ ಕಾಯಬೇಕು. ಮುಂದಿರುವ ಜೋಶೀಮಠದಲ್ಲಿ 2023ರ ಜನವರಿಯಲ್ಲಿ ನೆಲವೇ ಕುಸಿದು ಮನೆಗಳು ಬಿರುಕುಬಿಟ್ಟದ್ದನ್ನು ಓದಿದ್ದೆವು. ನೋಡಲು ಗಂಭೀರವಾದ ಆ ಪರ್ವತಗಳು ಒಳಗೆ ಬಲು ಸಡಿಲ.

ಮೊಮ್ಮಗ ತನ್ನ ಫೋನಿನಲ್ಲಿ ಎತ್ತರ ನೋಡುತ್ತಿದ್ದ. "ಅಜ್ಜಾ, ಸಾವಿರ ಮೀಟರ್ ಆತು" ಎಂದ. ಆಗ ನನ್ನ ಎದೆಯಲ್ಲಿ ಏನೋ ಕುಸಿದಂತಾಯಿತು. ವ್ರತದ ವಹಿಯನ್ನು ಚೀಲದಿಂದ ತೆಗೆದು ನೋಡಿದೆ. ಪೀಪಲ್‌ಕೋಟಿ ತಲುಪಿದಾಗ ಸುಮಾರು 1,260. ಬದರಿ ಇರುವುದು 3,100 ಮೀಟರಿನ ಆಸುಪಾಸಿನಲ್ಲಿ. ಅಲ್ಲಿಯೇ ಇಳಿಯುವೆನೆಂದೆ.

ಅಳಿಯ ಸಜ್ಜನ. "ಮಾವ, ವ್ಯಾಪಾರಕ್ಕೆ ಹೋಗ್ತಾ ಇಲ್ಲ, ಧರ್ಮಕಾರ್ಯಕ್ಕೆ ದೋಷ ಇಲ್ಲ" ಎಂದರು. ಹಾಗೆ ಹೇಳುವವರು ನಮ್ಮಲ್ಲಿ ಇದ್ದಾರೆ. ಆದರೆ ವ್ರತ ಕೊಳ್ಳುವಾಗ ನಾನು ಅಂಥ ವಿನಾಯಿತಿಯನ್ನು ಕೇಳಿರಲಿಲ್ಲ. ನನ್ನ ಮನಸ್ಸೇ ಇನ್ನೊಂದು ಉಪಾಯ ಹೂಡಿತು: ಗಿರನಾರಕ್ಕೆ ಇನ್ನು ಹೋಗುವುದಿಲ್ಲ, ಪಡುವಣ ಸೀಮೆಯನ್ನು ಕುಗ್ಗಿಸಿ ಮೇಲಣದನ್ನು ಹಿಗ್ಗಿಸಿಕೊಂಡರಾಗದೇ? ಲೆಕ್ಕ ಸರಿಹೋಗುತ್ತದಲ್ಲ! ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲೆ, ಕೆಳಗೆ, ಅಡ್ಡಲಾಗಿ ಮೀರುವುದು ಮೂರು. ಇದ್ದ ಕ್ಷೇತ್ರವನ್ನು ಬೆಳೆಸುವುದು ನಾಲ್ಕನೆಯದು. ಸೀಮೆಯನ್ನು ಮರೆಯುವುದು ಐದನೆಯದು. ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದವನು ನಾನು. ಒಂದೇ ಮಧ್ಯಾಹ್ನದಲ್ಲಿ ಐದನೆಯದನ್ನು ಹೆಚ್ಚುಕಡಿಮೆ ಮಾಡಿ ಮುಗಿಸಿ, ನಾಲ್ಕನೆಯದರ ಹೊಸ್ತಿಲಲ್ಲಿ ನಿಂತಿದ್ದೆ.

ಅವರೆಲ್ಲ ಮುಂದೆ ಹೋದರು. ನಾನು ಎರಡು ರಾತ್ರಿ ಒಂಟಿಯಾಗಿ ಉಳಿದೆ. ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಬೇಗನೆ ಮರೆಯಾಗುತ್ತಾನೆ. ಗಡಿಯಾರದ ಅಸ್ತಮಾನ ಬೇರೆ, ಕಣ್ಣಿನ ಅಸ್ತಮಾನ ಬೇರೆ. ಸಂಶಯವಿರುವಲ್ಲಿ ಕಟ್ಟುನಿಟ್ಟೇ ಲೇಸೆಂದು ಬಿಸಿಲು ಇರುವಾಗಲೇ ಉಂಡುಬಿಡುತ್ತಿದ್ದೆ. ಇಷ್ಟು ಬೇಗ ಉಣ್ಣುವ ಯಾತ್ರಿಕನನ್ನು ಕಂಡು ಅಡಿಗೆಯವನಿಗೆ ಅಚ್ಚರಿ.

ಅಲ್ಲಿ ಕುಳಿತಾಗ ವಿದ್ಯಾನಂದ ಮಹಾರಾಜರ ನೆನಪು ಮತ್ತೆ ಮತ್ತೆ ಬಂತು. ನಮ್ಮ ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಹುಟ್ಟಿ, 1963ರಲ್ಲಿ ದೇಶಭೂಷಣ ಮಹಾರಾಜರಿಂದ ಮುನಿದೀಕ್ಷೆ ಪಡೆದ ಆ ಮಹಾತ್ಮರು 1970ರಲ್ಲಿ ಹಿಮಾಲಯ ವಿಹಾರ ಮಾಡಿ, ಗಢವಾಲದ ಶ್ರೀನಗರದಲ್ಲಿ ಚಾತುರ್ಮಾಸ ನಿಂತರು. ಬರಿಗಾಲು, ಬರಿಮೈ, ದಿನಕ್ಕೊಂದೇ ಹೊತ್ತು ಕರಪಾತ್ರದ ಆಹಾರ. ಮಹಾವ್ರತಿಗಳಿಗೆ ದಿಗ್ವ್ರತವಿಲ್ಲ. ಅವರು ಹೋದೆಡೆಯಲ್ಲಿ ಆರಂಭವೂ ಇಲ್ಲ, ಪರಿಗ್ರಹವೂ ಇಲ್ಲ. ಗೃಹಸ್ಥನೋ ಕಾದ ಕಬ್ಬಿಣದ ಗುಂಡು, ಉರುಳಿದೆಡೆಯಲ್ಲೆಲ್ಲ ಸುಡುವವನು. ನಾವು ಬಂದ ದಾರಿಯನ್ನು ನಮ್ಮಂಥವರ ವಾಹನಗಳಿಗಾಗಿಯೇ ಬೆಟ್ಟ ಕಡಿದು ಅಗಲಿಸಿದ್ದರು.

ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಒಂದು ಮಾತನ್ನು ತಿಳಿಸಿದ್ದಾರೆ. ಸೀಮೆ ಮಾಡಿಕೊಂಡವನಿಗೆ ಆ ಸೀಮೆಯಿಂದ ಆಚೆ ಸೂಕ್ಷ್ಮ ಪಾಪವೂ ಇಲ್ಲದ್ದರಿಂದ, ಅಲ್ಲಿ ಅವನ ಅಣುವ್ರತಗಳೇ ಮಹಾವ್ರತಗಳಂತೆ ಆಗುತ್ತವೆ. ಎಷ್ಟೋ ಸಲ ಇದನ್ನು ವಿವರಿಸಿದ್ದೆ, ಮನಸ್ಸಿಗೆ ತಟ್ಟಿರಲಿಲ್ಲ. ಪೀಪಲ್‌ಕೋಟಿಯ ಜಗಲಿಯಿಂದ ಮೇಲೆ ನೋಡಿದೆ. ನೂರು ಮೀಟರಿನಷ್ಟು ಮೇಲಿಂದ ಹಿಡಿದು ಶಿಖರಗಳ ಹಿಮದವರೆಗೆ, ಆ ಇಡೀ ಪರ್ವತದಲ್ಲಿ ನನ್ನಿಂದ ಒಂದು ಇರುವೆಗೂ ನೋವಿಲ್ಲ. ಕೆಳಗೆ ನಾನು ಎಂದಿನ ಗೃಹಸ್ಥನೇ. ಮೇಲೆ ಮಾತ್ರ ಹಾಗಲ್ಲ.

ಮೂರನೆಯ ದಿನ ಅವರು ಮರಳಿದರು. ನನ್ನ ಧರ್ಮಪತ್ನಿ ನೀಲಕಂಠ ಶಿಖರದ ಮೇಲೆ ಬೆಳಗಿನ ಬಿಸಿಲು ಬಿದ್ದದ್ದನ್ನು ದಾರಿಯುದ್ದಕ್ಕೂ ವರ್ಣಿಸಿದಳು. ಅಲ್ಲಿಯ ದಿಗಂಬರ ಜಿನಮಂದಿರದಲ್ಲಿ ನನ್ನ ಪರವಾಗಿಯೂ ಅರ್ಘ್ಯ ಎತ್ತಿದ್ದಳಂತೆ. ಮೊಮ್ಮಗ, "ಅಜ್ಜಾ, ನಿನಗ ಬ್ಯಾಸರ ಆತೇನು?" ಎಂದು ಕೇಳಿದ. ಆತೆಂದೆ. ಸುಳ್ಳು ಹೇಳಿ ಸತ್ಯಾಣುವ್ರತವನ್ನೇಕೆ ಕೆಡಿಸಲಿ!

ಊರಿಗೆ ಬಂದ ಮೇಲೆ ವಿಹಾರದಲ್ಲಿದ್ದ ಮುನಿಗಳೊಬ್ಬರ ಮುಂದೆ ಎಲ್ಲವನ್ನೂ ಆಲೋಚನೆ ಮಾಡಿದೆ. ಮರೆತದ್ದಕ್ಕೆ ಒಂದು ಉಪವಾಸದ ಪ್ರಾಯಶ್ಚಿತ್ತವಾಯಿತು. "ಹಿಮಾಲಯವೆಂದರೆ ಎಲ್ಲಿಂದ?" ಎಂದೂ ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸೀಮೆಯ ಗುರುತು ಪ್ರಸಿದ್ಧವಾಗಿದ್ದರೆ ಸಾಲದು, ಖಚಿತವೂ ಆಗಿರಬೇಕಲ್ಲವೇ? ಬಡಗಣ ಸೀಮೆಯನ್ನು ಕುಗ್ಗಿಸಿ ಹರಿದ್ವಾರವೆಂದು ವಹಿಯಲ್ಲಿ ಬರೆದುಕೊಂಡೆ.

ಉತ್ತರದವರು ಮಾಘ ಕೃಷ್ಣವೆಂದು ಕರೆಯುವ ನಮ್ಮ ಪುಷ್ಯ ಬಹುಳ ಚತುರ್ದಶಿ ಆದಿನಾಥ ಸ್ವಾಮಿಯ ನಿರ್ವಾಣದ ದಿನ. ಹದಿನಾಲ್ಕು ದಿನಗಳ ಯೋಗನಿರೋಧದ ಕೊನೆಯಲ್ಲಿ, ಆ ಗಿರಿಯಲ್ಲಿ ಹಿಮ ಗಟ್ಟಿಯಾಗಿ ಕೂತಿರುವ ಕಾಲದಲ್ಲಿ. ಅಂದು ಉಪವಾಸವಿದ್ದು, ನಮ್ಮೂರ ಬಸದಿಯಲ್ಲಿ ಬಡಗಣ ಮುಖವಾಗಿ ನಿಂತು ಅರ್ಘ್ಯ ಎತ್ತುತ್ತೇನೆ. ಈಗ ಮೊಮ್ಮಗನೂ ಪಕ್ಕದಲ್ಲಿ ನಿಲ್ಲುತ್ತಾನೆ. ಬೆಟ್ಟ ಹೇಗಿತ್ತೆಂಬುದನ್ನು ಅವನೇ ನನಗೆ ಹೇಳಬೇಕು.