ಗಾಜಿನ ತೊಟ್ಟಿಗೆ ಯಾರು ಜಾಮೀನು?

ಬೇಕಾದ ವಸ್ತುವನ್ನು ಕೊಂಡು ತರುವುದು ಒಳ್ಳೆಯದೋ, ನಾವೇ ಮಾಡಿಕೊಳ್ಳುವುದು ಒಳ್ಳೆಯದೋ? ನಮ್ಮ ಹಿರಿಯರಿಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಹಿಡಿಸೂಡಿ, ಮಡಲಿನ ತಟ್ಟಿ, ಮುಟ್ಟಾಳೆ ಎಲ್ಲವೂ ಮನೆಯಲ್ಲೇ ಆಗುತ್ತಿದ್ದವು. ಕೈಲಾಗದ್ದು ಸಂತೆಯಿಂದ ಬರುತ್ತಿತ್ತು. ಈಗ ಕೊಳ್ಳುವುದು ರೂಢಿ, ಮಾಡಿಕೊಳ್ಳುವುದು ಹವ್ಯಾಸ. ಅಷ್ಟೇ ಅಲ್ಲ, ತುಸು ಹೆಮ್ಮೆಯ ಸಂಗತಿ ಕೂಡ. ಆ ಹೆಮ್ಮೆಗೆ ನಾನೂ ಒಮ್ಮೆ ಬಿದ್ದೆ. ಆದರೆ ಅದರ ಬೆಲೆ ತೆತ್ತವನು ನಾನಲ್ಲ. ಅದೇ ಈ ಬರಹಕ್ಕೆ ಕಾರಣ.

ಆರನೆಯ ತರಗತಿಯಲ್ಲಿದ್ದ ಮಗಳಿಗೆ ಮೀನು ಸಾಕುವ ಆಸೆ. ಅಂಗಡಿಯಲ್ಲಿ ಎರಡಡಿ ಉದ್ದದ ತೊಟ್ಟಿಯ ಬೆಲೆ ಕೇಳಿ ಬಂದವನು ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಐದು ತುಂಡು ಗಾಜು, ಒಂದು ಟ್ಯೂಬು ಸಿಲಿಕೋನ್ ಅಂಟು, ಒಂದು ಭಾನುವಾರ. ಹಣ ಉಳಿಯುತ್ತದೆ ಎಂದು ಮನೆಯವಳಿಗೆ ಹೇಳಿದೆ. ದಿನವಿಡೀ ಬ್ಯಾಂಕಿನಲ್ಲಿ ಬೇರೆಯವರ ಹಣ ಎಣಿಸುವವನಿಗೆ ತನ್ನ ಕೈಯಲ್ಲೂ ಏನಾದರೊಂದು ಆಗಲಿ ಎಂಬ ಹಂಬಲವಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಪೇಟೆಯ ಗಾಜಿನಂಗಡಿಯಾತ ಮಲೆಯಾಳಿ. ಕೈ ಬೆರಳುಗಳ ತುಂಬ ಹಳೆಯ ಗಾಯದ ಗೀರುಗಳು. ಪಕ್ಕದ ಗಾಜುಗಳು ಮುಂದಿನ ಮತ್ತು ಹಿಂದಿನ ಗಾಜುಗಳ ನಡುವೆ ನಿಲ್ಲುವುದರಿಂದ ಅವುಗಳ ಅಗಲದಲ್ಲಿ ಗಾಜಿನ ದಪ್ಪವನ್ನು ಎರಡು ಸಲ ಕಳೆಯಬೇಕೆಂದು ಕಲಿಸಿದವನು ಅವನೇ. 5 ಮಿ.ಮೀ. ಗಾಜನ್ನು ಕೊಯ್ದು, ಅಂಚು ಉಜ್ಜಿ, ಕಾಗದದಲ್ಲಿ ಸುತ್ತಿ ಕೊಡುತ್ತಾ, "ಧೃತಿ ವೇಂಡ, ಸಾರೇ" ಎಂದ. ನಾನು ತಲೆಯಾಡಿಸಿ ಬಂದೆ.

ಭಾನುವಾರ ತೊಟ್ಟಿ ಎದ್ದು ನಿಂತಿತು. ಸಿಲಿಕೋನ್ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಅದೂ ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ. ಮೇಲ್ಪದರ ಗಂಟೆಯೊಳಗೆ ಒಣಗಿ, ಮುಟ್ಟಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಒಳಗಿನ್ನೂ ಹಸಿ. ವಿನೆಗರಿನ ವಾಸನೆ ಹೋಗಿಲ್ಲವೆಂದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಸೋಮವಾರ ಸಂಜೆಯೂ ಆ ವಾಸನೆ ಇತ್ತು. ಆದರೆ ಮರುದಿನ ಮಗಳ ಹುಟ್ಟುಹಬ್ಬ. ಮರಳು ಹಾಸಿ, ಬಾವಿಯ ನೀರು ತುಂಬಿ, ಆರು ಗಪ್ಪಿ ಮೀನುಗಳನ್ನು ಬಿಟ್ಟೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 57 ಲೀಟರು ನೀರು. ಮುಂದಿನ ಗಾಜೊಂದನ್ನೇ ಅದು ಸುಮಾರು 28 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ದೂಡುತ್ತಿರುತ್ತದೆ, ಹಗಲೂ ರಾತ್ರಿಯೂ. ನಾವು ನಿದ್ದೆ ಮಾಡುತ್ತೇವೆ, ನೀರು ಮಾಡುವುದಿಲ್ಲ. ಬೆಳಿಗ್ಗೆ ಎದ್ದಾಗ ಚಾವಡಿಯೆಲ್ಲ ಒದ್ದೆ. ಅಡಿಯ ಮೂಲೆ ಬಿಟ್ಟಿತ್ತು. ಮರಳಿನ ತಗ್ಗಿನಲ್ಲಿ ನಿಂತಿದ್ದ ಬೊಗಸೆ ನೀರಿನಲ್ಲಿ ಎರಡು ಮೀನು ಉಳಿದಿದ್ದವು. ನಾಲ್ಕು ಸತ್ತಿದ್ದವು.

ಮಗಳು ಅಳಲಿಲ್ಲ. "ಅಂಗಡಿಯದ್ದಾಗಿದ್ದರೆ ಸಾಯುತ್ತಿರಲಿಲ್ಲ ಅಲ್ಲವಾ, ಅಪ್ಪ?" ಎಂದು ಕೇಳಿದಳು. ಅಷ್ಟೆ.

ಬ್ಯಾಂಕಿನಲ್ಲಿ ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು: "ಇದಕ್ಕೇ ಕೊಂಡು ತರಬೇಕು ಅನ್ನುವುದು. ಸೋರಿದರೆ ಅಂಗಡಿಯವನ ಕುತ್ತಿಗೆ ಹಿಡಿಯಬಹುದು." ಮಾತು ಸುಳ್ಳಲ್ಲ. ದೋಷವಿರುವ ಸರಕಿಗೆ ಮಾಡಿದವನನ್ನೂ ಮಾರಿದವನನ್ನೂ ಹೊಣೆ ಮಾಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿಯಿದೆ. ಆದರೆ ಆ ರಾತ್ರಿ ಅಂಗಡಿಯ ತೊಟ್ಟಿಯೇ ಸೋರಿದ್ದರೂ ನಾಲ್ಕು ಮೀನು ಸಾಯುತ್ತಿದ್ದವು. ನನಗೆ ಬೈಯಲು ಒಬ್ಬ ಸಿಗುತ್ತಿದ್ದ. ಮೀನಿಗೆ ಏನೂ ಸಿಗುತ್ತಿರಲಿಲ್ಲ. ಕೊಳ್ಳುವಾಗ ನಾವು ವಸ್ತುವಿನ ಜೊತೆ ಬೈಯುವ ಹಕ್ಕನ್ನೂ ಕೊಳ್ಳುತ್ತೇವೆ, ಅದನ್ನೇ ಸುರಕ್ಷೆಯೆಂದು ತಿಳಿಯುತ್ತೇವೆ.

ಹಾಗೆಂದು ಸ್ವಂತ ಕೈಕೆಲಸವೇ ಮೇಲು ಎನ್ನುವಂತೆಯೂ ಇಲ್ಲ. ಮಗಳ ಮಾತಿನಲ್ಲಿ ನಿಜವಿತ್ತು. ನೂರು ತೊಟ್ಟಿ ಅಂಟಿಸಿದವನು ತನ್ನ ತಪ್ಪುಗಳನ್ನು ಮೊದಲೇ ಮಾಡಿ ಮುಗಿಸಿರುತ್ತಾನೆ. ನನ್ನ ಮೊದಲ ತಪ್ಪು ಮಾತ್ರ ಜೀವಗಳ ಮೇಲೆಯೇ ನಡೆಯಿತು.

ಈ ಗಾಜಿನ ತೊಟ್ಟಿಯ ಕಥೆಯ ಆರಂಭದಲ್ಲೂ ಇಂಥದ್ದೇ ಒಂದು ಪ್ರಶ್ನೆ ಇದೆ. ಪ್ಯಾರಿಸಿನಲ್ಲಿ ಉಡುಪು ಹೊಲಿಯುತ್ತಿದ್ದ ಜೀನ್ ವಿಲ್‌ಪ್ರೂ ಪವರ್ ಎಂಬಾಕೆ ಮದುವೆಯಾಗಿ ಸಿಸಿಲಿ ದ್ವೀಪಕ್ಕೆ ಹೋಗಿ, ಅಲ್ಲಿ ಕಡಲ ಜೀವಿಗಳ ಅಭ್ಯಾಸಕ್ಕೆ ತೊಡಗಿದಳು. ಅವುಗಳನ್ನು ಜೀವಂತವಾಗಿ ಗಮನಿಸಲೆಂದು 1832ರಲ್ಲಿ ಆಕೆ ಗಾಜಿನ ತೊಟ್ಟಿಯನ್ನು ರೂಪಿಸಿದಳು. ಆರ್ಗೊನಾಟ್ ಎಂಬ, ಆಕ್ಟೋಪಸ್ಸಿನ ಬಳಗದ ಜೀವಿಯಲ್ಲಿ ಹೆಣ್ಣು ಕಾಗದದಷ್ಟು ತೆಳುವಾದ ಬಿಳಿ ಚಿಪ್ಪಿನಲ್ಲಿ ವಾಸಿಸುತ್ತದೆ. ಅದು ತಾನೇ ಕಟ್ಟಿಕೊಂಡ ಮನೆಯೋ, ಸನ್ಯಾಸಿ ಏಡಿಯ ಹಾಗೆ ಬೇರೆಯವರು ಬಿಟ್ಟುಹೋದದ್ದೋ ಎಂಬುದು ಆಗ ಪಂಡಿತರ ವಿವಾದವಾಗಿತ್ತು. ಚಿಪ್ಪನ್ನು ಅದೇ ಕಟ್ಟುತ್ತದೆ, ಒಡೆದರೆ ಅದೇ ದುರಸ್ತಿ ಮಾಡಿಕೊಳ್ಳುತ್ತದೆ ಎಂದು ಆಕೆ ನೋಡಿ ತೋರಿಸಿಕೊಟ್ಟಳು.

ಇದನ್ನು ಓದಿದಾಗ ಮೊದಲು ನನ್ನ ಹೆಮ್ಮೆಗೆ ಬೆಂಬಲ ಸಿಕ್ಕಂತಾಯಿತು. ಮತ್ತೆ ಯೋಚಿಸಿದರೆ ಹಾಗಲ್ಲ. ಆರ್ಗೊನಾಟ್ ತಾನು ಕಟ್ಟಿದ್ದರಲ್ಲಿ ತಾನೇ ಇರುತ್ತದೆ, ತನ್ನ ಮೊಟ್ಟೆಗಳನ್ನೂ ಅದರಲ್ಲೇ ಇಡುತ್ತದೆ. ಬಿರುಕು ಬಿಟ್ಟರೆ ನಷ್ಟ ಅದರದೇ. ನಮ್ಮ ಕಡಲತಡಿಯ ಸನ್ಯಾಸಿ ಏಡಿಯೂ ಹಾಗೆಯೇ; ಎರವಲು ಮನೆಯಾದರೂ ಒಳಗಿರುವುದು ತಾನೇ. ನಾನು ಕಟ್ಟಿದ ಮನೆಯಲ್ಲಿ ಇದ್ದದ್ದು ಬೇರೆಯವರು. ಹಾಗಾದರೆ ಕೇಳಬೇಕಾದ ಪ್ರಶ್ನೆ ಮಾಡಿದ್ದೋ ಕೊಂಡದ್ದೋ ಎಂಬುದಲ್ಲ. ಸೋರಿದರೆ ಯಾರಿಗೆ ಎಂಬುದು.

ಬ್ಯಾಂಕಿನಲ್ಲಿ ನಾವು ಜಾಮೀನು ಎನ್ನುವುದನ್ನು ಮಲೆಯಾಳದಲ್ಲಿ ಜಾಮ್ಯಂ ಎನ್ನುತ್ತಾರೆ. ಬೇರೆ ಕರಾರು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮು. ಎಷ್ಟೋ ಮಂದಿ ಸ್ನೇಹಕ್ಕೆ ಕಟ್ಟುಬಿದ್ದು, ಕಾಗದ ಓದದೆ ರುಜು ಹಾಕುವುದನ್ನು ನೋಡಿದ್ದೇನೆ, ಒಳಗೊಳಗೇ ಮರುಗಿದ್ದೇನೆ. ಇನ್ನೊಂದು ಜೀವ ಆತುಕೊಳ್ಳುವ ವಸ್ತುವನ್ನು ಮಾಡುವವನೂ ಒಬ್ಬ ಜಾಮೀನುದಾರ. ಕೊಂಡು ತಂದು ಅದರೊಳಗೆ ಜೀವ ಬಿಡುವವನೂ ಅಷ್ಟೇ. ಇಲ್ಲಿ ಕಾಗದ ಓದದೆ ರುಜು ಹಾಕಿದವನು ನಾನು.

ಮುಂದಿನ ವಾರ ಮತ್ತೆ ಆ ಅಂಗಡಿಗೆ ಹೋದೆ. ಬಿಟ್ಟ ಮೂಲೆಗೆ ಇನ್ನಷ್ಟು ಅಂಟು ಹಚ್ಚಿದರೆ ಸಾಲದೇ ಎಂದು ಕೇಳಿದೆ. ಸಾಲದು, ಹಳೆಯ ಸಿಲಿಕೋನಿನ ಮೇಲೆ ಹೊಸತು ಸರಿಯಾಗಿ ಕಚ್ಚುವುದಿಲ್ಲ, ಎಲ್ಲ ಬಿಚ್ಚಿ, ಬ್ಲೇಡಿನಿಂದ ಹೆರೆದು ಮೊದಲಿನಿಂದ ಮಾಡಬೇಕು ಎಂದ. ಹೊರಡುವಾಗ ಮತ್ತೆ ಅದೇ ಮಾತು: "ಧೃತಿ ವೇಂಡ." ಮಲೆಯಾಳದಲ್ಲಿ ಧೃತಿಯೆಂದರೆ ಅವಸರ. ಕನ್ನಡದಲ್ಲಿ ಅದು ಸ್ಥೈರ್ಯ. ಎರಡೂ ಭಾಷೆಗಳ ನಡುವೆ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಆ ಒಂದು ಪದದೊಳಗೆ ನನ್ನ ತಪ್ಪೂ ಅದರ ಪರಿಹಾರವೂ ಅಕ್ಕಪಕ್ಕ ಕುಳಿತಿರುವುದು ಅಂದು ಬಸ್ಸಿನಲ್ಲಿ ಬರುವಾಗಲಷ್ಟೇ ಹೊಳೆಯಿತು.

ಎರಡನೆಯ ಸಲ ವಾರವಿಡೀ ಅಂಟು ಒಣಗಲು ಬಿಟ್ಟೆ. ಆಮೇಲೆ ಬರೀ ನೀರು ತುಂಬಿ, ತೊಟ್ಟಿಯಡಿಗೆ ಹಳೆಯ ಪತ್ರಿಕೆ ಹಾಸಿ ಜಗಲಿಯಲ್ಲಿಟ್ಟೆ. ಒಂದು ಹನಿ ಸೋರಿದರೂ ಪತ್ರಿಕೆ ಹೇಳಿಬಿಡುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಮೀನಿನ ಕಸದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ಮೊದಲು ನೈಟ್ರೈಟ್, ಮತ್ತೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ವಾರಗಳೇ ಬೇಕು. ಈ ಕಾಯುವಿಕೆ ಅಂಗಡಿಯಿಂದ ತಂದ ತೊಟ್ಟಿಗೂ ತಪ್ಪಿದ್ದಲ್ಲ. ಗಾಜನ್ನು ಕೊಳ್ಳಬಹುದು, ಬೇರೆಯವರ ಕೈಚಳಕವನ್ನೂ ಕೊಳ್ಳಬಹುದು. ಕಾಯುವುದನ್ನು ಮಾತ್ರ ನಾವೇ ಮಾಡಬೇಕು.

ಈಗ ಯಾರಾದರೂ ಕೇಳಿದರೆ, ಕೊಂಡರೂ ಸರಿ, ಮಾಡಿದರೂ ಸರಿ, ಮೊದಲ ನಷ್ಟ ನಿಮ್ಮದಾಗಿರಲಿ ಎನ್ನುತ್ತೇನೆ. ಒದ್ದೆಯಾದ ಪತ್ರಿಕೆ, ಹಾಳಾದ ಭಾನುವಾರ, ನಾಲ್ಕು ಜನರೆದುರು ತಗ್ಗಿದ ತಲೆ, ಇವು ತೆರಬಹುದಾದ ಬೆಲೆಗಳು.

ಉಳಿದ ಎರಡು ಮೀನುಗಳು ಅಷ್ಟು ದಿನವೂ ಬಾವಿಕಟ್ಟೆಯ ಬಕೆಟಿನಲ್ಲಿದ್ದವು. ಮಗಳು ದಿನವೂ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ತೊಟ್ಟಿಯಡಿಯ ಪತ್ರಿಕೆಯನ್ನು ನಾಲ್ಕೂ ಮೂಲೆಗಳಲ್ಲಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. "ಒಣಗಿದೆ" ಎನ್ನುತ್ತಿದ್ದಳು. "ಬಿಡೋಣವಾ?" ಎಂದು ನಾನು ಕೇಳಿದರೆ, "ನಾಳೆಯೂ ನೋಡುವ, ಅಪ್ಪ" ಎನ್ನುತ್ತಿದ್ದಳು.