ಅಟ್ಟಕ್ಕೇರಬೇಕಾದ ನೆನಪು

2021ರ ಕೊರೋನಾ ಎರಡನೇ ಅಲೆಯಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲೂ ಸಾವಿನ ಸುದ್ದಿ ಮೊದಲು ಬರುತ್ತಿದ್ದುದು ಮೊಬೈಲಿಗೆ. ಹೂವಿನ ಚೌಕಟ್ಟು, ನಡುವೆ ಪರಿಚಿತ ಮುಖ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಇಲ್ಲವೇ ‘ಮಗ್ಫಿರತ್‌ಗಾಗಿ ದುಆ ಮಾಡಿ’. ಕಬರಸ್ತಾನಕ್ಕಾಗಲಿ ಸ್ಮಶಾನಕ್ಕಾಗಲಿ ಕೆಲವೇ ಮಂದಿ ಹೋಗಬಹುದಾಗಿದ್ದ ಆ ದಿನಗಳಲ್ಲಿ ಅನೇಕರಿಗೆ ಅದೇ ಅಂತಿಮ ದರ್ಶನ. ಅದನ್ನು ಬರೀ ತೋರಿಕೆಯೆಂದು ಹಳಿಯುವುದು ಸರಿಯಲ್ಲ.

ಆದರೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಮರುದಿನ ಅದೇ ಜಾಗದಲ್ಲಿ ಮದುವೆಯ ಫೋಟೋ, ಕೊಬ್ಬರಿ ಧಾರಣೆ. ಇನ್ನೊಂದು ಕಡೆ, ಆಸ್ಪತ್ರೆಯ ಹಾಸಿಗೆಯಲ್ಲಿ ಉಸಿರಿಗೆ ಒದ್ದಾಡುವವರ ವಿಡಿಯೋಗಳು ಯಾರನ್ನೂ ಕೇಳದೆ ಊರೂರು ಸುತ್ತುತ್ತಲೇ ಇರುತ್ತವೆ. ಉಳಿಯಬೇಕಾದುದು ಅಳಿಯುತ್ತದೆ, ಮುಚ್ಚಬೇಕಾದುದು ಹರಡುತ್ತದೆ. ಹಾಗಾದರೆ ನಾವು ಏನನ್ನು ಉಳಿಸಬೇಕು?

ಮೊದಲಿಗೆ, ಸಾಕ್ಷಿಯನ್ನು. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ತೀರಿಕೊಂಡರು. ಆ ವರ್ಷದ ಜುಲೈ 20ರಂದು ಕೇಂದ್ರ ಸರಕಾರವು, ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿತೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ರಾಜ್ಯಸಭೆಗೆ ತಿಳಿಸಿತು. ‘ಎಲ್ಲಾದರೂ ಸಿಲಿಂಡರ್ ಸಿಗುತ್ತದೆಯೇ?’ ಎಂದು ಅಂದು ಗ್ರೂಪುಗಳಲ್ಲಿ ಅಂಗಲಾಚಿದ ಸಂದೇಶಗಳು ಕಡತದಲ್ಲಿಲ್ಲದ್ದನ್ನು ಹೇಳುತ್ತವೆ.

ಎರಡನೆಯದಾಗಿ, ಬದುಕನ್ನು. ‘ನಾಳೆ ಕಾಯಿ ಕೆಡವೋಕೆ ಆಳು ಕಳಿಸಿ’ ಎಂಬ ಅಪ್ಪನ ಧ್ವನಿ, ಅಡಿಗೆಮನೆಯಿಂದ ‘ಊಟ ಆಯ್ತಾ ಮಗಾ?’ ಎಂದ ಅಮ್ಮಿಯ ಧ್ವನಿ. ಇವು ಸ್ಮಾರಕವಾಗಲೆಂದು ಹುಟ್ಟಿದವಲ್ಲ. ಆದರೂ ಸತ್ತವರನ್ನು ರೋಗಿಯಾಗಿಯಲ್ಲ, ಮನುಷ್ಯರಾಗಿ ನಮ್ಮೆದುರು ನಿಲ್ಲಿಸುತ್ತವೆ.

ಆದರೆ ಆ ಧ್ವನಿ ನಮ್ಮ ಸೊತ್ತಲ್ಲ, ಅಮಾನತ್. ಒಪ್ಪಿಸಿದ್ದನ್ನು ಕಾಯಬೇಕೇ ಹೊರತು ಹಂಚಬಾರದು. ಕೊಟ್ಟವರು ಮರಳಿ ಬಂದು ಕೇಳಲಾರರು. ಆದ್ದರಿಂದಲೇ ಹೊಣೆ ಹೆಚ್ಚು. ಮನೆಯವರ ಒಪ್ಪಿಗೆಯಿಲ್ಲದೆ ಒಂದು ಚಿತ್ರವೂ ಹೊರಗೆ ಬರಬಾರದು.

ಉಂಡೆ ಕೊಬ್ಬರಿ ಮಾಡುವ ನಮ್ಮ ಸೀಮೆಗೆ ಕಾಯುವುದು ಹೊಸತಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ. ನೆನಪಿಗೂ ಅಂಥ ಅಟ್ಟ ಬೇಕು. ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಆ ವರ್ಷ ತೀರಿಕೊಂಡವರ ಹೆಸರು, ದಿನ, ಕಸುಬು, ಮನೆಯವರು ಮನಸಾರೆ ಕೊಟ್ಟ ಒಂದು ಚಿತ್ರ ಅಥವಾ ಧ್ವನಿ ಸೇರಿಸಿಡೋಣ. ಮೊಹಲ್ಲಾಕ್ಕೊಂದು, ಕೇರಿಗೊಂದು ಪಟ್ಟಿ ಬೇಡ. ರೋಗ ಬೇರ್ಪಡಿಸದವರನ್ನು ನಮ್ಮ ನೆನಪೂ ಬೇರ್ಪಡಿಸದಿರಲಿ.